ಕೆಂಗಲ್ ಹನುಮಂತಯ್ಯ: ಕಟ್ಟಿದ್ದು ಮತ್ತು ಬಿಟ್ಟುಕೊಟ್ಟದ್ದು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ರಾಮನಗರವನ್ನು ದಾಟಿ ಚನ್ನಪಟ್ಟಣ ಸೇರುವುದಕ್ಕೆ ಮುನ್ನ ರಸ್ತೆಯ ಮಗ್ಗುಲಲ್ಲೇ ಒಂದು ಆಂಜನೇಯನ ಗುಡಿಯಿದೆ. ದೇವರ ಮೂರ್ತಿ ಕೆಂಪು ಛಾಯೆಯ ಕಲ್ಲಿನದು. ಕೆಂಪು ಕಲ್ಲು ಎಂಬುದೇ ಕೆಂಗಲ್ಲಾಯಿತೆಂದು ಆ ಸೀಮೆಯ ಜನ ಹೇಳುತ್ತಾರೆ. ಆ ಸುತ್ತಿನ ಒಕ್ಕಲು ಮನೆತನಗಳಲ್ಲಿ ಗಂಡು ಮಗುವಿಗೆ ಹನುಮಂತನ ಹೆಸರಿಡುವುದು ಹಿಂದಿನಿಂದ ಬಂದ ರೂಢಿ. ಅಂಥ ಒಂದು ಮನೆಯಲ್ಲಿ, ಲಕ್ಕಪ್ಪನಹಳ್ಳಿ ಎಂಬ ಸಣ್ಣ ಗ್ರಾಮದಲ್ಲಿ, 1908ರಲ್ಲಿ ಹುಟ್ಟಿದ ಹುಡುಗ ಮುಂದೆ ದೇವರ ಹೆಸರಿನ ಜೊತೆಗೆ ದೇವರ ಊರನ್ನೂ ಸೇರಿಸಿಕೊಂಡು ಕೆಂಗಲ್ ಹನುಮಂತಯ್ಯ ಎಂದು ನಾಡಿಗೆಲ್ಲ ಪರಿಚಿತನಾದ.

ಅವರ ಜೀವನದ ಮುಖ್ಯ ಸಂಗತಿಗಳನ್ನು ನೆನೆಯುತ್ತ ಒಂದು ಪ್ರಶ್ನೆಯನ್ನು ಕೇಳುಗರ ಮುಂದಿಡಬೇಕೆಂದಿದ್ದೇನೆ. ರಾಜಕಾರಣಿಯೊಬ್ಬನನ್ನು ಅಳೆಯುವುದು ಯಾವುದರಿಂದ? ಅವನು ಕಟ್ಟಿದ್ದರಿಂದಲೋ, ಬಿಟ್ಟುಕೊಟ್ಟದ್ದರಿಂದಲೋ?

ಈ ಪ್ರಶ್ನೆ ನನಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ನಮ್ಮ ಮನೆಯ ಜಗಲಿಯಲ್ಲಿ ಹುಟ್ಟಿದ್ದು. ನನ್ನ ತಂದೆಯವರು ತುಮಕೂರು ಜಿಲ್ಲೆಯ ತಾಲ್ಲೂಕೊಂದರಲ್ಲಿ ಸರ್ಕಾರಿ ಗುಮಾಸ್ತರಾಗಿದ್ದರು. 1956ರಲ್ಲಿ ಕನ್ನಡ ನಾಡು ಒಂದಾದಾಗ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು, ಹೀಗೆ ಐದು ಆಡಳಿತಗಳ ನೌಕರರನ್ನು ಒಂದೇ ಪಟ್ಟಿಯಲ್ಲಿ ಜೋಡಿಸಬೇಕಾಗಿ ಬಂತು. ಒಂದೊಂದು ಪ್ರಾಂತದ ಹುದ್ದೆಯ ಹೆಸರು ಒಂದೊಂದು, ಸಂಬಳದ ದರ್ಜೆ ಒಂದೊಂದು. ಯಾರು ಹಿರಿಯರು, ಯಾರು ಕಿರಿಯರು ಎಂಬ ವ್ಯಾಜ್ಯ ವರ್ಷಾನುಗಟ್ಟಲೆ ಕೋರ್ಟು ಕಛೇರಿಗಳಲ್ಲಿ ನಡೆಯಿತು. ಆ ಪಟ್ಟಿಯಲ್ಲಿ ಕೆಳಕ್ಕೆ ಸರಿದವರಲ್ಲಿ ನನ್ನ ತಂದೆಯವರೂ ಒಬ್ಬರು. ಕೈಗೆ ಬರಬೇಕಾಗಿದ್ದ ಬಡ್ತಿ ಹಲವು ವರ್ಷ ಬರಲಿಲ್ಲ. ಹನುಮಂತಯ್ಯನವರ ಹೆಸರು ಬಂದಾಗಲೆಲ್ಲ ಅವರು ಹೇಳುತ್ತಿದ್ದ ಮಾತು ಒಂದೇ: “ತುಂಬಿದ ಮನೆಯನ್ನು ಊರವರಿಗೆಲ್ಲ ಹಂಚಿಬಿಟ್ಟ ಯಜಮಾನ ಕಣಪ್ಪ ಆತ.” ಬಾಲ್ಯದಲ್ಲಿ ನಾನು ಆ ಮಾತನ್ನು ನಂಬಿದ್ದೆ.

ಮೊದಲು ಅವರ ಆರಂಭದ ಬದುಕನ್ನು ನೋಡೋಣ. ಹನುಮಂತಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು, ಪುಣೆಯಲ್ಲಿ ಕಾನೂನು ಪದವಿ ಪಡೆದರು, ಬೆಂಗಳೂರಿಗೆ ಹಿಂದಿರುಗಿ ವಕೀಲಿ ಆರಂಭಿಸಿದರು. ಹಳ್ಳಿಯ ಒಕ್ಕಲು ಮನೆಯ ಹುಡುಗ ಕರಿಯ ಕೋಟು ತೊಟ್ಟು ನ್ಯಾಯಾಲಯದಲ್ಲಿ ನಿಲ್ಲುವುದೇ ಆ ದಿನಗಳಲ್ಲಿ ಒಂದು ಸಣ್ಣ ಕ್ರಾಂತಿ. ಆದರೆ ವಕೀಲಿ ಬಹುಕಾಲ ಅವರನ್ನು ಹಿಡಿದಿಡಲಿಲ್ಲ. ಮೂವತ್ತರ ದಶಕದಲ್ಲಿ ಕಾಂಗ್ರೆಸ್ ಚಳವಳಿ ಸಂಸ್ಥಾನದ ಹಳ್ಳಿಗಳಿಗೆ ಇಳಿಯತೊಡಗಿತ್ತು. 1938ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ವರ್ಷ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಆ ಬಿಸಿಯಲ್ಲಿ ಬೆಳೆದ ತಲೆಮಾರಿಗೆ ಸೇರಿದವರು ಹನುಮಂತಯ್ಯನವರು. ಪ್ರಜಾಪ್ರತಿನಿಧಿ ಸಭೆಯಲ್ಲಿ ಕಾಂಗ್ರೆಸ್ ಪಕ್ಷದ ಮುಂದಾಳಾದರು. ಹಲವು ಬಾರಿ ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಡಬೇಕಾಯಿತು. 1947ರ ಸೆಪ್ಟೆಂಬರಿನ ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಆ ವರ್ಷದ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು.

ಹನುಮಂತಯ್ಯನವರು ಭಾರತದ ಸಂವಿಧಾನ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಲ್ಲಿ ಒಬ್ಬರಾಗಿದ್ದರು. 1949ರ ನವೆಂಬರಿನಲ್ಲಿ, ಸಂವಿಧಾನದ ಕರಡು ಅಂತಿಮ ಹಂತಕ್ಕೆ ಬಂದು ಎಲ್ಲರೂ ಅದನ್ನು ಹೊಗಳುತ್ತಿದ್ದಾಗ ಅವರು ಎದ್ದುನಿಂತು ಆಡಿದ ಮಾತು ಇಂದಿಗೂ ಸಂವಿಧಾನದ ಇತಿಹಾಸವನ್ನು ಬರೆಯುವವರೆಲ್ಲರ ಗ್ರಂಥಗಳಲ್ಲಿ ಉಳಿದಿದೆ. ನಾವು ಬಯಸಿದ್ದು ವೀಣೆಯ ಅಥವಾ ಸಿತಾರಿನ ನಾದವನ್ನು. ನಮಗೆ ದೊರೆತದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂಬುದು ಅವರ ಮಾತಿನ ತಾತ್ಪರ್ಯ. ಕರಡು ರಚಿಸಿದವರನ್ನು ಅವರು ದೂರಲಿಲ್ಲ. ಅವರ ವಿದ್ಯಾಭ್ಯಾಸ ಆ ಬಗೆಯದು, ಆ ಕೆಲಸವನ್ನು ಅವರಿಗೆ ಒಪ್ಪಿಸಿದ ನಮ್ಮದೇ ತಪ್ಪು ಎಂದರು. ಗಾಂಧೀಜಿ ಬಯಸಿದ ವ್ಯವಸ್ಥೆ ಹಳ್ಳಿಯಿಂದ ಮೇಲಕ್ಕೆ ಬೆಳೆಯುವಂಥದು. ಈ ಸಂವಿಧಾನದಲ್ಲಿ ಅಧಿಕಾರವೆಲ್ಲ ಮೇಲಿನಿಂದ ಕೆಳಗಿಳಿಯುತ್ತದೆ ಎಂಬುದು ಅವರ ಆಕ್ಷೇಪಣೆ.

ಈ ವೀಣೆ ಮತ್ತು ಬ್ಯಾಂಡಿನ ಉಪಮೆಯನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಅವರು ಮುಂದೆ ಮಾಡಿದ ದೊಡ್ಡ ಕೆಲಸಗಳನ್ನೆಲ್ಲ ಈ ಒಂದು ಮಾತಿನ ಮೂಲಕ ಅರ್ಥಮಾಡಿಕೊಳ್ಳಬಹುದೆಂದು ನನಗೆ ತೋರುತ್ತದೆ.

1952ರ ಮೊದಲ ಮಹಾಚುನಾವಣೆಯ ನಂತರ ಮಾರ್ಚ್ 30ರಂದು ಹನುಮಂತಯ್ಯನವರು ಮೈಸೂರಿನ ಮುಖ್ಯಮಂತ್ರಿಯಾದರು. ಆಗಿನ ಮೈಸೂರು ‘ಬಿ’ ವರ್ಗದ ರಾಜ್ಯ. ಮಹಾರಾಜ ಜಯಚಾಮರಾಜೇಂದ್ರ ಒಡೆಯರು ರಾಜಪ್ರಮುಖರು. ಒಂಬತ್ತು ಜಿಲ್ಲೆಗಳ, ಸುಮಾರು 29,000 ಚದರ ಮೈಲಿಯ ಪುಟ್ಟ ರಾಜ್ಯ. ಆದರೆ ಪುಟ್ಟದಾದರೂ ಅಚ್ಚುಕಟ್ಟಾದದ್ದು. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ನೀರು, ಭದ್ರಾವತಿಯ ಕಬ್ಬಿಣ, ಸ್ವಂತ ವಿಶ್ವವಿದ್ಯಾನಿಲಯ, ದಿವಾನರ ಕಾಲದಿಂದ ಬಂದ ಆಡಳಿತದ ಶಿಸ್ತು, ಇವೆಲ್ಲ ಇದ್ದ ರಾಜ್ಯ. ಹೊಸ ಮುಖ್ಯಮಂತ್ರಿಗಳು ಇನಾಮು ಭೂಮಿಗಳ ರದ್ದತಿಗೆ ಕಾನೂನು ತಂದರು. ಆದರೆ ಅವರ ಹೆಸರನ್ನು ಜನಮನದಲ್ಲಿ ಉಳಿಸಿದ್ದು ಒಂದು ಕಟ್ಟಡ.

ವಿಧಾನಸೌಧದ ಶಂಕುಸ್ಥಾಪನೆಯನ್ನು 1951ರ ಜುಲೈ 13ರಂದು, ಕೆ.ಸಿ. ರೆಡ್ಡಿಯವರ ಕಾಲದಲ್ಲಿ, ಜವಾಹರಲಾಲ್ ನೆಹರೂ ಅವರು ನೆರವೇರಿಸಿದ್ದರು. ಆಗ ಯೋಜಿಸಿದ್ದು ಸರಳವಾದ ಕಟ್ಟಡ. ಹನುಮಂತಯ್ಯನವರು ಬಂದ ಮೇಲೆ ನಕ್ಷೆಯೇ ಬದಲಾಯಿತು. ರಷ್ಯದಿಂದ ಬಂದಿದ್ದ ಒಂದು ನಿಯೋಗಕ್ಕೆ ಊರು ತೋರಿಸುತ್ತಿದ್ದಾಗ, ಎಲ್ಲ ಕಡೆಯೂ ಯೂರೋಪಿನ ಮಾದರಿಯ ಕಟ್ಟಡಗಳನ್ನೇ ಕಂಡು, “ನಿಮ್ಮದೇ ಆದ ವಾಸ್ತುಶಿಲ್ಪ ಇಲ್ಲವೆ?” ಎಂದು ಅತಿಥಿಗಳು ಕೇಳಿದರಂತೆ. ಆ ಮಾತು ಮುಖ್ಯಮಂತ್ರಿಗಳನ್ನು ಚುಚ್ಚಿತೆಂಬ ಕಥೆ ಬಹಳ ಪ್ರಸಿದ್ಧವಾದದ್ದು. ಕಬ್ಬನ್ ಪಾರ್ಕಿನ ಅಂಚಿನಲ್ಲಿ ಕೆಂಪು ಬಣ್ಣದ ಅಠಾರಾ ಕಛೇರಿ ಗ್ರೀಕ್ ಕಂಬಗಳನ್ನು ಹೊತ್ತು ನಿಂತಿದೆ. ಅದರ ಎದುರಿಗೇ, ದ್ರಾವಿಡ ಶೈಲಿಯನ್ನು ಮುಖ್ಯವಾಗಿ ಹಿಡಿದು, ಬೆಂಗಳೂರಿನ ಸುತ್ತಿನ ಕಣಶಿಲೆಯಲ್ಲಿ 700 ಅಡಿ ಉದ್ದ, 350 ಅಡಿ ಅಗಲದ ಸೌಧ ಮೇಲೆದ್ದಿತು. ಲೋಕೋಪಯೋಗಿ ಇಲಾಖೆಯ ಬಿ.ಆರ್. ಮಾಣಿಕ್ಯಂ ಅವರು ಅದರ ವಾಸ್ತುಶಿಲ್ಪಿ. ಸಾವಿರಾರು ಕೂಲಿಕಾರರು, ಕಲ್ಲುಕುಟಿಗರು, ಅವರ ಜೊತೆಗೆ ಕೇಂದ್ರ ಕಾರಾಗೃಹದ ಕೈದಿಗಳೂ ಅಲ್ಲಿ ದುಡಿದರು. ಮುಖ್ಯಮಂತ್ರಿಗಳು ತಾವೇ ಆಗಾಗ ಹೋಗಿ ಕೆಲಸವನ್ನು ನೋಡುತ್ತಿದ್ದರು. ಸಂವಿಧಾನ ಸಭೆಯಲ್ಲಿ ಕೇಳಿಬರದ ವೀಣೆಯ ನಾದವನ್ನು ಅವರು ಇಲ್ಲಿ ಕಲ್ಲಿನಲ್ಲಿ ಕೆತ್ತಿಸಹೊರಟಿದ್ದರೆನ್ನಬಹುದು.

ಖರ್ಚು ಒಂದು ಮುಕ್ಕಾಲು ಕೋಟಿ ರೂಪಾಯಿಗಳನ್ನು ಮುಟ್ಟಿತು. ಅಂದಿನ ಮೈಸೂರಿಗೆ ಅದು ಹೊರಲಾರದ ಹೊರೆಯೆಂದು ಅನೇಕರು ಟೀಕಿಸಿದರು. ಶಾಲೆಯಿಲ್ಲದ ಹಳ್ಳಿಗಳಿರುವಾಗ ಈ ಅರಮನೆ ಏಕೆ ಎಂದು ಕೇಳಿದವರ ಮಾತಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಮುಂದೆ ಈ ಖರ್ಚಿನ ಬಗೆಗೆ ವಿಚಾರಣೆಯೂ ನಡೆಯಿತು. ಕಟ್ಟಡದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಸಿದವರು ಅದೇ ಕಟ್ಟಡದ ಲೆಕ್ಕಕ್ಕಾಗಿ ಉತ್ತರ ಹೇಳಬೇಕಾಯಿತು. ಪ್ರಜಾಪ್ರಭುತ್ವದಲ್ಲಿ ಅದು ಸರಿಯಾದದ್ದೇ.

ಸೌಧದ ಗೋಡೆಗಳು ಏಳುತ್ತಿದ್ದ ಅದೇ ವರ್ಷಗಳಲ್ಲಿ ರಾಜ್ಯದ ಗಡಿಗಳೂ ಕದಲತೊಡಗಿದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಅಂದೇ ಮೈಸೂರಿಗೆ ಬಂದವು. ಆ ವರ್ಷದ ಡಿಸೆಂಬರಿನಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಉತ್ತರದಲ್ಲಿ ಏಕೀಕರಣದ ಕೂಗು ತಾರಕಕ್ಕೇರಿತ್ತು. ಅದರಗುಂಚಿಯಲ್ಲಿ ಶಂಕರಗೌಡರ ಉಪವಾಸ, ಹುಬ್ಬಳ್ಳಿಯಲ್ಲಿ ಜನರ ಆಕ್ರೋಶ, ಇವೆಲ್ಲ 1953ರ ಘಟನೆಗಳು.

ದಕ್ಷಿಣದಲ್ಲಿ, ಮೈಸೂರಿನಲ್ಲಿ, ಸ್ಥಿತಿ ಬೇರೆಯಾಗಿತ್ತು. ಅಲ್ಲಿನ ರಾಜಕೀಯದಲ್ಲಿ ಪ್ರಬಲರಾಗಿದ್ದ ಅನೇಕರಿಗೆ ಏಕೀಕರಣ ಬೇಡವಾಗಿತ್ತು. ಅವರ ಕಾರಣಗಳನ್ನು ನಾವು ಈಗ ಹಗುರವಾಗಿ ಕಾಣಬಾರದು. ಕೂಡಬೇಕಾದ ಪ್ರದೇಶಗಳು ಮುಂಬಯಿ, ಹೈದರಾಬಾದುಗಳ ಅಂಚಿನಲ್ಲಿ ಬಿದ್ದು ಬಹುಕಾಲ ಅಲಕ್ಷ್ಯಕ್ಕೆ ಗುರಿಯಾಗಿದ್ದಂಥವು. ರಸ್ತೆ, ವಿದ್ಯುತ್ತು, ನೀರಾವರಿ ಎಲ್ಲದರಲ್ಲೂ ಹಿಂದೆ. ಮೈಸೂರು ಉಳಿಸಿದ್ದ ಹಣ ಅಲ್ಲಿಗೆ ಹರಿದರೆ ಇಲ್ಲಿನವರ ಗತಿಯೇನು ಎಂಬುದು ಒಂದು ಭಯ. ಇನ್ನೊಂದು ಭಯವನ್ನು ಸಭೆಗಳಲ್ಲಿ ಅಷ್ಟಾಗಿ ಆಡುತ್ತಿರಲಿಲ್ಲ, ಮನೆಗಳಲ್ಲಿ ಆಡುತ್ತಿದ್ದರು. ಹಳೆಯ ಮೈಸೂರಿನಲ್ಲಿ ಒಕ್ಕಲಿಗ ಸಮುದಾಯ ಸಂಖ್ಯೆಯಲ್ಲಿ ಪ್ರಬಲವಾದದ್ದು. ದೊಡ್ಡ ರಾಜ್ಯದಲ್ಲಿ ಆ ಬಲ ವೀರಶೈವ ಸಮುದಾಯಕ್ಕೆ ಹೋಗುತ್ತದೆಂಬ ಲೆಕ್ಕ ಎಲ್ಲರ ಮನಸ್ಸಿನಲ್ಲೂ ಇತ್ತು. ಬೇಕಿದ್ದರೆ ಕನ್ನಡಕ್ಕೆ ಎರಡು ರಾಜ್ಯಗಳಿರಲಿ ಎಂದವರೂ ಇದ್ದರು. ಕೂಡುವ ಪ್ರದೇಶಗಳ ಸ್ಥಿತಿಗತಿಗಳನ್ನು ತಿಳಿಯಲು ಮೈಸೂರು ಸರ್ಕಾರ ಎಂ. ಶೇಷಾದ್ರಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನೇ ನೇಮಿಸಿತು.

ಈ ಎರಡು ಲೆಕ್ಕಗಳಲ್ಲಿಯೂ ಕಳೆದುಕೊಳ್ಳುವವರ ಸಾಲಿನಲ್ಲಿ ಮೊದಲು ನಿಂತಿದ್ದವರು ಮುಖ್ಯಮಂತ್ರಿಗಳೇ. ಅವರು ಒಕ್ಕಲಿಗರು, ಅವರ ಬೆಂಬಲಿಗರು ಹಳೆಯ ಮೈಸೂರಿನವರು, ಅವರ ಕುರ್ಚಿ ನಿಂತಿದ್ದದ್ದು ಆ ನೆಲದ ಮೇಲೆ. ಸುಮ್ಮನಿದ್ದಿದ್ದರೂ ಸಾಕಾಗಿತ್ತು. ವಿರೋಧದ ಅಲೆ ತಾನಾಗಿಯೇ ಅವರನ್ನು ಎತ್ತಿ ಹಿಡಿಯುತ್ತಿತ್ತು.

ಆರಂಭದಲ್ಲಿ ಅವರು ಎಚ್ಚರದ ಮಾತುಗಳನ್ನೇ ಆಡುತ್ತಿದ್ದರು. ಉತ್ತರದ ಏಕೀಕರಣವಾದಿಗಳಿಗೂ ಅವರಲ್ಲಿ ಪೂರ್ಣ ನಂಬಿಕೆ ಇರಲಿಲ್ಲ. ಆದರೆ 1955ರ ಸೆಪ್ಟೆಂಬರ್ ಕೊನೆಯಲ್ಲಿ ಆಯೋಗ ತನ್ನ ವರದಿಯನ್ನು ಒಪ್ಪಿಸಿ, ಮೈಸೂರನ್ನೂ ಒಳಗೊಂಡ ಒಂದೇ ಕರ್ನಾಟಕ ಆಗಬೇಕೆಂದು ಹೇಳಿದಾಗ ಅವರು ಹಿಂದೆಮುಂದೆ ನೋಡಲಿಲ್ಲ. ಮೈಸೂರಿನ ವಿಧಾನಸಭೆಯಲ್ಲಿ ವರದಿಯ ಮೇಲೆ ದೀರ್ಘವಾದ ಚರ್ಚೆ ನಡೆಯಿತು. ವಿರೋಧ ಪಕ್ಷದ ಬೆಂಚಿನಿಂದ ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಏಕೀಕರಣದ ಪರವಾಗಿ ಮಾತನಾಡಿದರು. ಸ್ವಪಕ್ಷದ ಹಿಂದಿನ ಸಾಲುಗಳಿಂದಲೇ ವಿರೋಧ ಬಂದಿತು. ಮುಖ್ಯಮಂತ್ರಿಗಳು ಒಂದು ಕರ್ನಾಟಕದ ಪರವಾಗಿ ನಿಂತರು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂಬ ಆಯೋಗದ ಇನ್ನೊಂದು ಸಲಹೆಯನ್ನು ಅವರ ಸರ್ಕಾರ ವಿರೋಧಿಸಿತು. ಆ ತಾಲ್ಲೂಕುಗಳು ನಮ್ಮಲ್ಲೇ ಉಳಿದವು.

ಹೀಗೇಕೆ ಮಾಡಿದರು? ದೆಹಲಿಯ ಒತ್ತಡ ಇತ್ತು ಎನ್ನುವವರಿದ್ದಾರೆ. ದೊಡ್ಡ ರಾಜ್ಯದ ದೊಡ್ಡ ಮುಖ್ಯಮಂತ್ರಿಯಾಗುವ ಆಸೆ ಇತ್ತು ಎನ್ನುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿರಬಹುದು. ಮನುಷ್ಯನ ಉದ್ದೇಶಗಳು ಒಂದೇ ಎಳೆಯಿಂದ ನೇಯ್ದವಲ್ಲ. ಆದರೆ ವೀಣೆಯ ಮಾತನ್ನು ಆಡಿದವರಿಗೆ, ಜನರ ನುಡಿಯಿಂದಲೇ ರಾಜ್ಯ ಮೂಡಬೇಕು, ಬ್ರಿಟಿಷರು ಯುದ್ಧ ಒಪ್ಪಂದಗಳ ಅನುಕೂಲಕ್ಕೆ ಎಳೆದ ಗೆರೆಗಳಿಂದಲ್ಲ ಎಂದು ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ ಎಂಬ ವಿಂಗಡಣೆಗಳೂ ಒಂದು ಬಗೆಯ ಇಂಗ್ಲಿಷ್ ಬ್ಯಾಂಡೇ ಅಲ್ಲವೆ?

ಫಲ ಬಹಳ ಬೇಗ ಬಂತು. 1956ರ ಆಗಸ್ಟಿನಲ್ಲಿ ಕಾಂಗ್ರೆಸ್ ಶಾಸಕ ಪಕ್ಷದಲ್ಲಿ ಅವರ ವಿರುದ್ಧ ಬಂಡಾಯವೆದ್ದಿತು. ಏಕೀಕರಣದ ಅಸಮಾಧಾನ ಅದಕ್ಕೊಂದು ಕಾರಣ. ಅದೊಂದೇ ಕಾರಣವೆಂದರೆ ಸತ್ಯಕ್ಕೆ ಅಪಚಾರವಾದೀತು. ಅವರ ನಡೆಯಲ್ಲಿ ಬಿಗುಮಾನವಿತ್ತು. ಸಹೋದ್ಯೋಗಿಗಳ ಮಾತನ್ನು ತಾಳ್ಮೆಯಿಂದ ಕೇಳುತ್ತಿರಲಿಲ್ಲವೆಂಬ ದೂರಿತ್ತು. ಸೌಧದ ಖರ್ಚಿನ ಅಪವಾದವಿತ್ತು. ಇವೆಲ್ಲ ಒಂದಾಗಿ ಅವರನ್ನು ಕೆಡವಿದವು. ಆಗಸ್ಟ್ 19ರಂದು ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಯಾಗಿ ಎರಡೂವರೆ ತಿಂಗಳು ರಾಜ್ಯವನ್ನು ನಡೆಸಿದರು. ನವೆಂಬರ್ 1ರಂದು ಹತ್ತೊಂಬತ್ತು ಜಿಲ್ಲೆಗಳ, ಸುಮಾರು 74,000 ಚದರ ಮೈಲಿಯ ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಅದರ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು.

ಆ ವಿಶಾಲ ರಾಜ್ಯಕ್ಕೆ ಒಪ್ಪುವ ಶಾಸನಭವನ ಬೆಂಗಳೂರಿನಲ್ಲಿ ಸಿದ್ಧವಾಗಿ ನಿಂತಿತ್ತು. ಒಂಬತ್ತು ಜಿಲ್ಲೆಗಳಿಗೆ ದೊಡ್ಡದೆನಿಸಿದ್ದ ಮನೆ ಹತ್ತೊಂಬತ್ತು ಜಿಲ್ಲೆಗಳಿಗೆ ಸರಿಹೋಯಿತು. ಆದರೆ ರಾಜ್ಯದ ಆಡಳಿತ ಅದರೊಳಗೆ ನೆಲೆಗೊಳ್ಳುವ ವೇಳೆಗೆ ಕಟ್ಟಿಸಿದವರು ಮುಖ್ಯಮಂತ್ರಿಯಾಗಿರಲಿಲ್ಲ.

ಇಲ್ಲಿಗೇ ಕಥೆ ಮುಗಿದಿದ್ದರೆ ಅದು ಒಂದು ದುರಂತ ನಾಟಕದಂತೆ ಅಚ್ಚುಕಟ್ಟಾಗಿರುತ್ತಿತ್ತು. ಆದರೆ ಅವರಿಗೆ ಆಗ ಇನ್ನೂ ನಲವತ್ತೆಂಟು ವರ್ಷ. 1962ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾದರು. 1967, 1971ರಲ್ಲೂ ಗೆದ್ದರು. ಆವರೆಗೆ ರಾಜ್ಯದ ಕಣ್ಣಿನಿಂದ ದೆಹಲಿಯನ್ನು ನೋಡಿದ್ದವರು ಈಗ ದೆಹಲಿಯಲ್ಲಿ ಕುಳಿತು ರಾಜ್ಯಗಳ ಕಡೆಗೆ ನೋಡುವಂತಾಯಿತು.

1966ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗವನ್ನು ನೇಮಿಸಿತು. ಹನುಮಂತಯ್ಯನವರು ಅದರ ಸದಸ್ಯರು. 1967ರಲ್ಲಿ ಮೊರಾರ್ಜಿಯವರು ಉಪಪ್ರಧಾನಿಯಾಗಿ ಹೋದಾಗ ಇವರು ಅಧ್ಯಕ್ಷರಾದರು. ಆಯೋಗ ಒಟ್ಟು 20 ವರದಿಗಳನ್ನು, 537 ಶಿಫಾರಸುಗಳನ್ನು ಸರ್ಕಾರದ ಮುಂದಿಟ್ಟಿತು. ಇಂಥ ವರದಿಗಳನ್ನು ಓದುವವರು ಕಡಿಮೆ. ಓದಿ ಆನಂದಪಡುವವರು ಇಲ್ಲವೇ ಇಲ್ಲ. ಆದರೂ ಅವುಗಳಲ್ಲಿ ಬಿತ್ತಿದ ಬೀಜಗಳು ನಿಧಾನವಾಗಿ ಮೊಳೆತವು. ಅಧಿಕಾರಸ್ಥರ ಮೇಲಿನ ದೂರುಗಳನ್ನು ವಿಚಾರಿಸಲು ಲೋಕಪಾಲ, ಲೋಕಾಯುಕ್ತರು ಬೇಕೆಂದು ಆಯೋಗ 1966ರ ಮೊದಲ ವರದಿಯಲ್ಲೇ ಹೇಳಿತು. ನಮ್ಮ ರಾಜ್ಯದಲ್ಲಿ ಲೋಕಾಯುಕ್ತದ ಕಾನೂನು ಬಂದದ್ದು 1984ರಲ್ಲಿ. ದೆಹಲಿಯಲ್ಲಿ ಲೋಕಪಾಲದ ಕಾನೂನಾದದ್ದು 2013ರಲ್ಲಿ.

ನಮ್ಮ ವಿಷಯಕ್ಕೆ ಹತ್ತಿರವಾದದ್ದು 1969ರ ಕೇಂದ್ರ-ರಾಜ್ಯ ಸಂಬಂಧಗಳ ವರದಿ. ಸಂವಿಧಾನವನ್ನು ತಿದ್ದಬೇಕಾಗಿಲ್ಲ, ಇರುವ ಸಂವಿಧಾನದೊಳಗೇ ರಾಜ್ಯಗಳಿಗೆ ಆದಷ್ಟು ಹೆಚ್ಚು ಅಧಿಕಾರವನ್ನು ಒಪ್ಪಿಸಬೇಕು, ರಾಜ್ಯಪಾಲರಾಗುವವರು ಪಕ್ಷದ ಮೋಹವಿಲ್ಲದ ಅನುಭವಿಗಳಾಗಿರಬೇಕು, ಸಂವಿಧಾನದ 263ನೆಯ ವಿಧಿಯಂತೆ ಅಂತರ್ ರಾಜ್ಯ ಪರಿಷತ್ತೊಂದು ಆಗಬೇಕು ಎಂಬುದು ಅದರ ಸಾರ. ಆ ಪರಿಷತ್ತು ಸ್ಥಾಪನೆಯಾದದ್ದು 1990ರಲ್ಲಿ, ಇಪ್ಪತ್ತೊಂದು ವರ್ಷಗಳ ನಂತರ. ಇಪ್ಪತ್ತು ವರ್ಷ ಹಿಂದೆ ಇದೇ ಸಂವಿಧಾನವನ್ನು ಇಂಗ್ಲಿಷ್ ಬ್ಯಾಂಡು ಎಂದವರು ಈಗ ಅದನ್ನು ಮುರಿಯಿರೆಂದು ಹೇಳಲಿಲ್ಲ. ಅದೇ ವಾದ್ಯಗಳಿಂದ ನಮ್ಮ ರಾಗವನ್ನು ನುಡಿಸುವ ಬಗೆ ಯಾವುದೆಂದು ಹುಡುಕಿದರು. ವಯಸ್ಸು ಮತ್ತು ಅನುಭವ ಮನುಷ್ಯನಿಗೆ ಕಲಿಸುವ ಪಾಠ ಇಂಥದೇ.

ಅದೇ 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು. ಒಂದು ಭಾಗಕ್ಕೆ ಇಂದಿರಾ ಗಾಂಧಿಯವರು ನಾಯಕಿ; ಎದುರು ಭಾಗದಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಿಜಲಿಂಗಪ್ಪನವರು. ಹನುಮಂತಯ್ಯನವರು ಇಂದಿರಾ ಗಾಂಧಿಯವರ ಜೊತೆಗೆ ನಿಂತರು. ಏಕೀಕರಣದಲ್ಲಿ ಒಂದೇ ಫಲವನ್ನು ಬಯಸಿದ್ದ ಇಬ್ಬರು ಕನ್ನಡಿಗರು ರಾಷ್ಟ್ರದ ರಂಗಸ್ಥಳದಲ್ಲಿ ಎದುರುಬದುರಾದರು. 1970ರ ಜೂನ್‌ನಲ್ಲಿ ಹನುಮಂತಯ್ಯನವರು ಕೇಂದ್ರದಲ್ಲಿ ಕಾನೂನು ಮತ್ತು ಸಮಾಜ ಕಲ್ಯಾಣ ಸಚಿವರಾದರು. 1971ರ ಮಾರ್ಚಿನಿಂದ 1972ರ ಜುಲೈವರೆಗೆ ರೈಲ್ವೆ ಸಚಿವರಾಗಿದ್ದರು. ಬಾಂಗ್ಲಾ ಯುದ್ಧದ ಕಾಲದಲ್ಲಿ ಸೈನ್ಯ, ಸಾಮಗ್ರಿ, ನಿರಾಶ್ರಿತರು ಎಲ್ಲರನ್ನೂ ಹೊತ್ತು ಸಾಗಿಸಿದ ರೈಲ್ವೆಯ ಹೊಣೆ ಅವರ ಮೇಲಿತ್ತು. ಆ ಮೇಲೆ ಸಚಿವ ಪದವಿ ಹೋಯಿತು. 1977ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮಾಜಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ ಎದುರು ಸೋತರು. 1980ರ ಡಿಸೆಂಬರ್ 1ರಂದು ತೀರಿಕೊಂಡರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದನ್ನು ಅವರು ಕಂಡಿದ್ದರು.

ಅವರನ್ನು ದೇವರ ಪಕ್ಕದಲ್ಲಿ ಕೂರಿಸುವುದು ನನ್ನ ಉದ್ದೇಶವಲ್ಲ. ಹಠವಿತ್ತು, ಅಭಿಮಾನವಿತ್ತು, ತಮ್ಮವರನ್ನೇ ದೂರಮಾಡಿಕೊಳ್ಳುವ ಒರಟುತನವೂ ಇತ್ತು. ಬಿಟ್ಟುಕೊಟ್ಟದ್ದನ್ನು ಸಂತೋಷದಿಂದಲೇ ಬಿಟ್ಟುಕೊಟ್ಟರೆಂದೂ ಹೇಳಲಾರೆ. ಬಂಡಾಯವೇಳದಿದ್ದರೆ ಅವರು ಕುರ್ಚಿಯನ್ನು ಬಿಡುತ್ತಿರಲಿಲ್ಲ. ಆದರೆ ಕುರ್ಚಿಗೆ ಅಪಾಯವೆಂದು ಬಲ್ಲ ಒಂದು ನಿರ್ಧಾರವನ್ನು ತಿಳಿದೂ ತಿಳಿದೂ ತೆಗೆದುಕೊಂಡರು. ಒಬ್ಬ ರಾಜಕಾರಣಿಯಿಂದ ಅದಕ್ಕಿಂತ ಹೆಚ್ಚಿನದನ್ನು ಇತಿಹಾಸ ಕೇಳುವುದಿಲ್ಲವೆಂದು ಕಾಣುತ್ತದೆ.

ಇನ್ನು ನನ್ನ ತಂದೆಯವರ ಮಾತಿಗೆ ಹಿಂದಿರುಗುತ್ತೇನೆ. ಅವರ ಬಳಿ ಒಂದು ದಪ್ಪ ಪುಸ್ತಕವಿತ್ತು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ, ಸರ್ಕಾರವೇ ಅಚ್ಚುಮಾಡಿಸಿ ಅಗ್ಗದ ಬೆಲೆಗೆ ಹಂಚಿದ ಕುಮಾರವ್ಯಾಸ ಭಾರತ. ಜನಸಾಮಾನ್ಯರ ಕೈಗೆ ಆ ಕಾವ್ಯ ಎಟುಕಬೇಕೆಂಬ ಯೋಜನೆಯ ಹಿಂದೆ ಇದ್ದದ್ದು ಹನುಮಂತಯ್ಯನವರ ಆಸ್ಥೆ. ಪುಸ್ತಕ ಹೊರಬರುವ ವೇಳೆಗೆ ಅವರು ಅಧಿಕಾರದಲ್ಲಿರಲಿಲ್ಲ. ತಂದೆಯವರು ಶ್ರಾವಣದ ಸಂಜೆಗಳಲ್ಲಿ ಅದನ್ನು ಬಿಚ್ಚಿ ರಾಗವಾಗಿ ಓದುತ್ತಿದ್ದರು. ಬಡ್ತಿ ತಪ್ಪಿಸಿದ ಯಜಮಾನನೇ ಆ ಪುಸ್ತಕಕ್ಕೂ ಕಾರಣ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಎಂ.ಎ. ಮುಗಿಸಿದ ಮೇಲೆ ನನಗೆ ಮೊದಲು ಕೆಲಸ ಸಿಕ್ಕಿದ್ದು ಗದಗಿನ ಕಡೆಯ ಒಂದು ಕಾಲೇಜಿನಲ್ಲಿ. ಎಂಬತ್ತರ ದಶಕದಲ್ಲಿ ಒಂದು ರಜೆಗೆ ತಂದೆಯವರು ಅಲ್ಲಿಗೆ ಬಂದರು. ಗದಗಿನ ವೀರನಾರಾಯಣನ ಗುಡಿಗೆ ಕರೆದುಕೊಂಡು ಹೋದೆ. ಕುಮಾರವ್ಯಾಸ ಕೂತು ಕಾವ್ಯ ರಚಿಸಿದನೆಂದು ಅಲ್ಲಿಯ ಜನ ತೋರಿಸುವ ಕಂಬದ ಬಳಿ ಅವರು ಬಹಳ ಹೊತ್ತು ನಿಂತರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಾಗ ಊರಿನ ಹಿರಿಯರೊಬ್ಬರು ನಮ್ಮ ಮಾತಿನ ಧಾಟಿ ಕೇಳಿ, “ಯಾವ ಕಡೆಯವ್ರು ಯಜಮಾನ್ರು ನೀವು?” ಎಂದು ವಿಚಾರಿಸಿದರು. ತಂದೆಯವರು ತುಮಕೂರು ಸೀಮೆ ಎಂದರು. “ಹಂಗಾದ್ರ ನಮ್ಮವ್ರ ಆದ್ರಿ ಬಿಡ್ರಿ” ಎಂದು ಅವರು ಎದ್ದುಹೋದರು. ತಂದೆಯವರು ಮರುಮಾತಾಡಲಿಲ್ಲ. ಸಂಜೆ ಮನೆಗೆ ಬಂದ ಮೇಲೆ, ಊಟಕ್ಕೆ ಕುಳಿತಾಗ, ತಾವಾಗಿಯೇ ಹೇಳಿದರು: “ಇಷ್ಟು ವರ್ಷ ನಾನು ಓದಿದ್ದು ಈ ಊರಿನವನ ಪುಸ್ತಕ. ಇವನನ್ನು ಬೇರೆ ರಾಜ್ಯದವನು ಅಂತ ಹೇಗೆ ಅನ್ನುವುದು?”

ಬಡ್ತಿಯ ಸಂಕಟ ಅವರಿಗೆ ಕೊನೆಯವರೆಗೂ ಇತ್ತು. ಅದು ನ್ಯಾಯವಾದ ಸಂಕಟವೇ. ಏಕೀಕರಣದ ಬೆಲೆಯನ್ನು ತೆತ್ತವರಲ್ಲಿ ಮುಖ್ಯಮಂತ್ರಿಯೂ ಇದ್ದರು, ಹೆಸರಿಲ್ಲದ ಗುಮಾಸ್ತರೂ ಇದ್ದರು. ಬೆಂಗಳೂರಿನಲ್ಲಿ ಲಾಲ್‌ಬಾಗಿನ ಕಡೆಯ ಜೋಡಿ ರಸ್ತೆಗೆ ಹನುಮಂತಯ್ಯನವರ ಹೆಸರಿದೆ. ವಿಧಾನಸೌಧದ ಆವರಣದಲ್ಲಿ ಅವರ ಪ್ರತಿಮೆಯಿದೆ. ಗುಮಾಸ್ತರಿಗೆ ಪ್ರತಿಮೆಗಳಿಲ್ಲ. ಆದರೆ ನಾನು ವಿಧಾನಸೌಧದ ಮುಂದೆ ಹಾದುಹೋಗುವಾಗಲೆಲ್ಲ ಆ ಮೆಟ್ಟಿಲುಗಳ ಮೇಲೆ ಇಬ್ಬರನ್ನೂ ಕಲ್ಪಿಸಿಕೊಳ್ಳುತ್ತೇನೆ: ಕಟ್ಟಿಸಿ ಒಳಗೆ ಕೂರದೆ ಹೋದವರನ್ನು, ಮತ್ತು ಗೊಣಗುತ್ತಲೇ ಆ ಮನೆಯ ವಿಸ್ತಾರವನ್ನು ಒಪ್ಪಿಕೊಂಡವರನ್ನು.